ಹೆಬ್ಬೆರಳು

ಸೋಹಾರಿನ ಈ ಶೆಡ್ಡಿನಲ್ಲಿ ಬೆಳಿಗ್ಗೆ ಆರಕ್ಕೆ
ಗೋಡೆಯ ಯಂತ್ರ ಎಲ್ಲರ ಹೆಬ್ಬೆರಳು ಕೇಳುತ್ತದೆ.
ಎಲ್ಲರಿಗೂ ಹಸಿರು ದೀಪ,
ನನಗೆ ಕೆಂಪು.
ಇನ್ನೊಮ್ಮೆ ಒತ್ತು ಅನ್ನುತ್ತದೆ ಅರಬ್ಬಿಯಲ್ಲಿ, ಹೆಣ್ಣುದನಿಯಲ್ಲಿ.
ಒತ್ತುತ್ತೇನೆ. ಅದರ ಲೆಕ್ಕದಲ್ಲಿ ನಾನು ಯಾರೂ ಅಲ್ಲ.

ಹದಿನಾಲ್ಕು ವರ್ಷ ಗೇರುಬೀಜ ಒಡೆದವಳು,
ಕಾರ್ಕಳದ ಹತ್ತಿರ, ಕಿಲೋ ಲೆಕ್ಕದಲ್ಲಿ.
ಸಿಪ್ಪೆಯ ಎಣ್ಣೆ ಮೊದಲು ಉಗುರು ಕಪ್ಪು ಮಾಡಿತು,
ಆಮೇಲೆ ಬೆರಳ ಗೆರೆಗಳನ್ನು ಒಂದೊಂದಾಗಿ ನೆಕ್ಕಿತು.
ತಿರುಳು ಯಾರದೋ ತಟ್ಟೆಗೆ ಹೋಯಿತು,
ಇಡಿಯಾಗಿ, ಬೆಳ್ಳಗೆ.

ಇಲ್ಲಿ ಸಿಪ್ಪೆಯದೇ ಕೆಲಸ.
ಪಿಸ್ತಾದ್ದು, ಬಾದಾಮಿಯದ್ದು, ಜೊತೆಗೆ ಖರ್ಜೂರದ ಬೀಜ,
ಹುರಿಯುವ ಅಂಗಡಿಗಳು ಎಸೆದದ್ದೆಲ್ಲ ಲಾರಿ ತುಂಬಿ ಬರುತ್ತದೆ.
ಗಾಳಿಯಾಡದ ಉಕ್ಕಿನ ಹೊಟ್ಟೆಯಲ್ಲಿ ಬೇಯಿಸಿದರೆ
ಹೊಗೆ ತಣಿದು, ತೊಟ್ಟು ತೊಟ್ಟು, ಎಣ್ಣೆ.
ನಾನು ಕಲ್ಲು, ಮೊಳೆ ಆರಿಸುತ್ತೇನೆ; ನೆಲ ಗುಡಿಸುತ್ತೇನೆ.
ಫೋನಿನಲ್ಲಿ ತಂಗಿ ನಗುತ್ತಾಳೆ:
ಎಣ್ಣೆಯ ದೇಶದಲ್ಲಿ ಸಿಪ್ಪೆ ಹಿಂಡುತ್ತೀರಾ ಅಕ್ಕ,
ಕಡಲಿಗೆ ಉಪ್ಪು ಹೊತ್ತ ಹಾಗಾಯ್ತಲ್ಲ!
ನನಗೂ ನಗು. ಆಚೆ ರಿಫೈನರಿಯ ಬೆಂಕಿ
ಹಗಲಲ್ಲೂ ಆರದೆ ನೋಡುತ್ತಿರುತ್ತದೆ.

ಮೊನ್ನೆ ಪರೀಕ್ಷೆಗೆಂದು ಇಪ್ಪತ್ತು ಚೀಲ ಬಂತು.
ಹೊಲಿಗೆ ಬಿಚ್ಚುವ ಮೊದಲೇ ಮೂಗು ಹೇಳಿತು.
ನೇಪಾಳದ ಹುಡುಗ ದಮ್ಮರ ಬರಿಗೈ ಹಾಕುವುದಕ್ಕೂ
ನಾನು ಕೂಗುವುದಕ್ಕೂ ಸರಿಹೋಯಿತು, ತುಳುವಿನಲ್ಲಿ.
ಯಾರಿಗೂ ತಿಳಿಯಲಿಲ್ಲ.
ಎಲ್ಲರೂ ನಿಂತರು.

ಇದು ನಿನಗೆ ಗೊತ್ತಾ, ಕೇಳಿದಳು ಇಂಜಿನಿಯರ್ ಬದ್ರಿಯಾ.
ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ:
ಕೈಗೆ ಮೊದಲು ಹರಳೆಣ್ಣೆ, ಮೇಲೆ ಬೂದಿ.
ಈ ಸಿಪ್ಪೆಯಲ್ಲಿ ಬೇಯಿಸುವ ಮೊದಲೇ ಎಣ್ಣೆಯಿದೆ,
ಅವಸರ ಮಾಡಿದರೆ ಉಗುಳುತ್ತದೆ, ಕಣ್ಣಿಗೇ.
ಅವಳು ಬರೆದುಕೊಂಡಳು.
ನಾನು ಆಡಿದ್ದನ್ನು ಒಬ್ಬರು ಬರೆದುಕೊಂಡದ್ದು
ಅದೇ ಮೊದಲು. ಕೊನೆಗೆ ಹೆಸರು ಕೇಳಿ
ಅರಬ್ಬಿಯಲ್ಲಿ ಬಲದಿಂದ ಎಡಕ್ಕೆ ಗೀಚಿದಳು: ಬೇಬಿ ಪೂಜಾರ್ತಿ.
ಸಹಿ, ಎಂದಳು.

ಕುಲುಮೆಯ ತಳದ ಕರಿ ಕೈಗೆಲ್ಲ ಹತ್ತಿತ್ತು.
ಪೆನ್ನು ಹಿಡಿಯುವಷ್ಟರಲ್ಲಿ
ಹೆಬ್ಬೆರಳು ಹಾಳೆಯ ಅಂಚಿಗೆ ತಾಗಿತು.
ಬಗ್ಗಿ ನೋಡಿದೆ: ಬಾಗಿದ ಮೂರು ಗೆರೆ,
ನಡುವೆ ಬೋಳು ಬಯಲು.
ಮತ್ತೆ ಚಿಗುರಿದವು ಅಂತಲ್ಲ.
ಪೂರ್ತಿ ಹೋಗಿರಲಿಲ್ಲ, ಅಷ್ಟೆ.

ಮರುದಿನವೂ ಗೋಡೆಯ ಯಂತ್ರ ಕೆಂಪೇ ತೋರಿಸಿತು.
ಇನ್ನೊಮ್ಮೆ ಒತ್ತು, ಎಂದಿತು.
ಒತ್ತಲಿಲ್ಲ. ಒಳಗೆ ದಮ್ಮರ
ಮೊಣಕೈವರೆಗೆ ಬೂದಿ ಬಳಿದುಕೊಂಡು
ಚೀಲದ ಮುಂದೆ ಕಾಯುತ್ತಿದ್ದ.