ಹಳದಿ ಗೆರೆ

ಪಾಯಲಾದಲ್ಲಿ ನವೆಂಬರು. ಎರಡು ಗಂಟೆಗೇ ಕತ್ತಲು.
ಹಳೇ ವೋಲ್ವೊದ ಫ್ಯಾನು ಶೆಡ್ಡಿನ ಗೋಡೆಗೊರಗಿದೆ.
ಬೋನೆಟ್ಟಿನೊಳಗೆ ಬಗ್ಗಿದ್ದೇವೆ, ನಾನೂ ಟಾಗೆ ಮಾವನೂ,
ತೊಟ್ಟಿಲು ಇಣುಕುವವರ ಹಾಗೆ.

ಮಾವನಿಗೆ ಈಗ ಬೆರಳೇ ಕಣ್ಣು.
ಲೈಸೆನ್ಸು ಮೇ ತಿಂಗಳಲ್ಲೇ ವಾಪಸು ಕೊಟ್ಟದ್ದಾಯಿತು.
ಆ ಮಾತು ಶೆಡ್ಡಿನೊಳಗೆ ಬರುವುದಿಲ್ಲ.

ಕ್ರ್ಯಾಂಕಿನ ಬೋಲ್ಟು ಹಟ ಹಿಡಿದಿತ್ತು.
ಪಾನಾಕ್ಕೆ ನಾಲ್ಕಡಿ ಪೈಪು ತೊಡಿಸಿ ಜೋತುಬಿದ್ದೆ.
ಟಕ್ಕೆಂದಿತು. ಬೋಲ್ಟೋ ನನ್ನ ಭುಜವೋ,
ಒಂದು ಗಳಿಗೆ ಇಬ್ಬರಿಗೂ ತಿಳಿಯಲಿಲ್ಲ.

ಹಳೇ ಬೆಲ್ಟು ಹೊರಬಂತು, ಹಿಮ್ಮಡಿಯಂತೆ ಒಡೆದು.
ಅದರ ಹಿಂದೆ ಸೀಲುಗಳು: ಮೇಲೊಂದು, ನಡುವೊಂದು, ಅಡಿಗೊಂದು,
ಉಗುರಿನಷ್ಟು ಗಟ್ಟಿ, ತುಟಿಯಲ್ಲಿ ಎಣ್ಣೆಯ ಜೊಲ್ಲು.
"ದರಿದ್ರ ಸೀಲು," ಅಂದೆ.
"ಸೀಲಿನದೇನು ತಪ್ಪು?"
ಇಂಜಿನ್ನಿನ ಮಗ್ಗುಲಿಂದ ಹೆಬ್ಬೆರಳಷ್ಟು ಪ್ಲಾಸ್ಟಿಕ್ ತುಂಡೊಂದನ್ನು
ಕಿತ್ತು ನನ್ನ ಕೈಗಿಟ್ಟ. ತೂತೆಲ್ಲ ಮಸಿಗಟ್ಟಿ ಮುಚ್ಚಿತ್ತು.
"ಇದರಲ್ಲಿ ಉಸಿರಾಡಬೇಕು ಇದು. ಕಟ್ಟಿದರೆ
ಸಿಕ್ಕಸಿಕ್ಕಲ್ಲಿ ಹೊರಬರುತ್ತೆ."
ಅಷ್ಟು ಹೇಳಿ ತಾನೇ ಸುಮ್ಮನಾದ,
ಸೀಮೆಎಣ್ಣೆಯಲ್ಲಿ ಅದ್ದಿ ಅದನ್ನು
ಬಹಳ ಹೊತ್ತು ಉಜ್ಜಿದ.

ಹೊಸ ಸೀಲಿಗೆ ಎಣ್ಣೆ ಸವರಿ, ಪೈಪಿನ ತುಂಡಿಟ್ಟು ತಟ್ಟಿದೆ.
ಅಂಚಿಗೆ ಬೆರಳಾಡಿಸಿ, "ಕೂತಿಲ್ಲ. ಎಡಕ್ಕೆ, ಕೂದಲೆಳೆಯಷ್ಟು."
ಟಾರ್ಚು ಹಿಡಿದರೂ ನನಗೆ ಕಾಣಲಿಲ್ಲ.
ತಟ್ಟಿದೆ. ಕೂತಿತು.

ಹೊಸ ಬೆಲ್ಟಿನ ಬೆನ್ನಿಗೆ ಹಳದಿ ಗೆರೆ.
ಗೆರೆಗೂ ರಾಟೆಯ ಕಚ್ಚಿಗೂ ಕೂಡಿಸುವುದು ನನ್ನ ಪಾಲು;
ಒಂದು ಹಲ್ಲು ಜಾರಿದರೂ
ಇಡೀ ಇಂಜಿನ್ನಿಗೆ ಸುಳ್ಳು ಹೇಳಿದಂತೆ.
ಕೂಡಿತು. ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿದರೆ
ಎದೆ ಧಸಕ್ಕೆಂದಿತು:
ರಾಟೆಗಳೇನೋ ತಂತಮ್ಮ ಗುರುತಿಗೆ ಬಂದು ನಿಂತಿವೆ,
ಬೆಲ್ಟಿನ ಗೆರೆ ಮಾತ್ರ ಎಲ್ಲೆಲ್ಲೋ.

ಮಾವ ನಕ್ಕ. ಮೇ ತಿಂಗಳಿಂದೀಚೆಗೆ ಇದೇ ಮೊದಲು.
"ಗೆರೆ ಕಟ್ಟುವ ದಿನಕ್ಕೆ ಮಾತ್ರ ಕಣೇ.
ಆಮೇಲೆ ಹುಡುಕಬಾರದು."

ಕವಚ ಮುಚ್ಚಿದೆವು. ಅಭ್ಯಾಸಬಲಕ್ಕೆ ಎಡಬಾಗಿಲಿಗೆ ಹೋದ ಮಾವ,
ಕೀಲಿ ನನ್ನಲ್ಲಿದೆಯೆಂದು ನೆನೆದು
ಬೋನೆಟ್ಟು ತಡವುತ್ತ ಸುತ್ತಿಬಂದು ಬಲಕ್ಕೆ ಕೂತ.
ಟೋರ್ನೆ ಹೊಳೆಯ ಸೇತುವೆಯುದ್ದಕ್ಕೂ
ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಟ್ಟು ಕೇಳುತ್ತಿದ್ದ.
ಅಲ್ಲಿ ಒಳಗೆ, ಕತ್ತಲಲ್ಲಿ,
ಗೆರೆಗಳು ಕೂಡುತ್ತಿರಬೇಕು, ಅಗಲುತ್ತಿರಬೇಕು,
ನಿಮಿಷಕ್ಕೆ ಎಷ್ಟು ಸಲವೋ.