ಹನ್ನೊಂದನೆಯ ಗೆಣ್ಣು

ಸಲಾಮು ಬಲಕ್ಕೆ, ಸಲಾಮು ಎಡಕ್ಕೆ.
ಎಡಗಡೆ ಗೋಡೆ. ಗೋಡೆಯಾಚೆ ಕಾಂತಾಬಾಯಿಯ ಕುಕ್ಕರು
ಮೂರನೇ ಸೀಟಿಗೆ ಕಾಯುತ್ತಿದೆ.
ಅದಕ್ಕೂ ಸಲಾಮು ತಾಗಿರಬೇಕು.

ಎಣಿಕೆ ಕಲಿಸಿದವಳು ಅಜ್ಜಿ, ಹತ್ತಿ ಹಿಂಜುತ್ತ,
ಮಣಿಸರಕ್ಕೆ ಕಾಸಿಲ್ಲದ ನದಾಫರ ಮನೆಯಲ್ಲಿ:
"ಕಿರಿಬೆರಳಿನ ಬುಡದಿಂದ ಹತ್ತಬೇಕವ್ವ,
ಬೆರಳಿಗೆ ಮೂರು, ಸುತ್ತಿಗೆ ಹನ್ನೆರಡು.
ಎರಡು ಸುತ್ತು, ಮ್ಯಾಲ ಮೂರು ಬೆರಳು ಅಂದ್ರ
ಮೂವತ್ಮೂರು. ಸರ ಕಳೀಬಹುದು,
ಕೈ ಎಲ್ಲಿ ಹೋಗ್ತದ?"

ಕೈ ಎಲ್ಲಿಗೂ ಹೋಗಲಿಲ್ಲ.
ಭೋಸರಿಯ ಪ್ರೆಸ್ ಶಾಪಿನಲ್ಲಿ, ನಾಲ್ಕನೇ ನಂಬರಿನ ಮಶೀನಿಗೆ
ಹೋದದ್ದು ತೋರುಬೆರಳಿನ ಮೇಲಿನ ಎರಡು ಗೆಣ್ಣು ಮಾತ್ರ.
ಕೈ ಕಂಡರೆ ನಿಲ್ಲಿಸಬೇಕಾದ ಸೆನ್ಸಾರನ್ನು
ವಾಯರು ಬಿಚ್ಚಿ ಕುರುಡು ಮಾಡಿದ್ದರು,
ತಾಸಿಗೆ ಆರುನೂರು ಬ್ರಾಕೆಟ್ಟು ಬೀಳಲೆಂದು.

ಚಿಂಚವಡದ ಆಸ್ಪತ್ರೆಯ ಗುಮಾಸ್ತ ಪಟ್ಟಿ ನೋಡಿ ಕೂಗಿದ:
"ದಾವಲಬಿ ನದಾಫ. ಅಕರಾ ಟಕ್ಕೆ. ಸಹೀ ಇಥೇ."
ನೂರಕ್ಕೆ ಹನ್ನೊಂದು ಪಾಲು ನಾನು ಇಲ್ಲವಂತೆ.
ಎಡಗೈಯಲ್ಲಿ ಸಹಿ ಹಾಕಿದೆ, ಯಾರದೋ ಹೆಸರಿನಂತೆ ಬಂತು.

ಅವತ್ತಿನಿಂದ ಎಣಿಸುವಾಗ
ಹೆಬ್ಬೆರಳು ಹತ್ತರ ತನಕ ಗಟ್ಟಿ ನೆಲದ ಮೇಲೆ ನಡೆದು
ಹನ್ನೊಂದಕ್ಕೆ ಕಾಲು ಜಾರುತ್ತದೆ.
ಹನ್ನೆರಡೂ ಗಾಳಿ. ಇಪ್ಪತ್ಮೂರೂ, ಇಪ್ಪತ್ನಾಲ್ಕೂ.

ಸುಬ್‌ಹಾನಲ್ಲಾಹ್‌ಗೆ ತೊಂದರೆಯಿಲ್ಲ. ಅವನು ಪರಿಶುದ್ಧ,
ನನ್ನ ಬೆರಳಿದ್ದರೂ, ಇರದಿದ್ದರೂ.
ಅಲ್‌ಹಮ್ದುಲಿಲ್ಲಾಹ್ ಮಾತ್ರ ಅಲ್ಲಿಗೆ ಬಂದು ಬಾಯಲ್ಲೇ ಒಣಗಿತು.
ಇಲ್ಲದ್ದರ ಮೇಲೆ ಶುಕ್ರು ಹೇಗೆ ಇಡಲಿ?
ಹೊತ್ತಿಗೆ ನಾಲ್ಕು, ದಿನಕ್ಕೆ ಇಪ್ಪತ್ತು,
ಮೂರು ತಿಂಗಳ ಬಾಕಿ ಅವನ ಪುಸ್ತಕದಲ್ಲಿ ಹಾಗೇ ಇದೆ.
ಕಂಪನಿ ನನಗೆ ಕೊಡಬೇಕಾದ ಬಾಕಿಯೂ ಇದೆ.
ಯಾರು ಮೊದಲು ತೀರಿಸಬೇಕೋ.
ಈಗ ಹೇಳುತ್ತೇನೆ. ಅಲ್ಲಿ ನಿಧಾನಿಸಿ ಹೇಳುತ್ತೇನೆ.

ಕೂತು ಸಾಕ್ಷಿ ನುಡಿಯುವಾಗ ಎತ್ತುವುದೂ ಅದೇ ಬೆರಳು.
ಮೊದಮೊದಲು ನಡುಬೆರಳು ಎತ್ತಿದೆ, ನಾಚಿ ಇಳಿಸಿದೆ.
ಈಗ ಮೋಟು ತಾನೇ ಏಳುತ್ತದೆ,
ಮಡಕಿಕಾಳಿನ ಮೊಳಕೆಯಷ್ಟು.
ಅವನು ಒಬ್ಬನೇ ಎನ್ನಲು ಅಷ್ಟು ಸಾಕು.

ಇವತ್ತು ನಸುಕಿನಲ್ಲಿ, ಮೊದಲ ಪಾಳಿಗೆ ಹೊರಡುವ ಮುನ್ನ,
ಅಲ್ಲಾಹು ಅಕ್ಬರ್ ಎಣಿಸುತ್ತಿದ್ದೆ.
ಅದು ಮೂವತ್ನಾಲ್ಕು, ಒಂದು ಹೆಚ್ಚು.
ಇಷ್ಟು ವರ್ಷ ಗಮನಿಸಿರಲಿಲ್ಲ,
ಆ ಹೆಚ್ಚಿನದು ಬಂದು ಕೂರುವುದು
ತೋರುಬೆರಳಿನ ಬುಡದ ಗೆಣ್ಣಿನ ಮೇಲೆ.
ಮಶೀನು ಬಿಟ್ಟದ್ದರ ಮೇಲೆ.
ಹೆಬ್ಬೆರಳನ್ನು ಅಲ್ಲೇ ಒತ್ತಿ ಹಿಡಿದೆ,
ಹೊಲಿಗೆಯ ಗಂಟು ನೋಯುವಷ್ಟು ಹೊತ್ತು.

ಆಮೇಲೆ ಬೊಗಸೆ ಒಡ್ಡಿದೆ. ಸಂದಿಯಿದೆ, ನಿನಗೆ ಗೊತ್ತು,
ನೀನು ಸುರಿದರೂ ಒಂದಿಷ್ಟು ಸೋರುತ್ತದೆ.
ನೀನೇ ಶಾಂತಿ, ನಿನ್ನಿಂದಲೇ ಶಾಂತಿ, ಎಂದೆ.
ಮುಂದೆ ನನಗೆಂದು ಏನೂ ಹೊಳೆಯಲಿಲ್ಲ.

ನನ್ನನ್ನು ಪ್ಯಾಕಿಂಗಿಗೆ ಹಾಕಿದ್ದಾರೆ.
ನಾಲ್ಕನೇ ನಂಬರಿಗೆ ಲಾತೂರಿನ ಹುಡುಗಿ ಬಂದಿದ್ದಾಳೆ, ಮಾಲನ್.
ಉಗುರಿಗೆ ಊದಾ ಬಣ್ಣ, ಹತ್ತಕ್ಕೆ ಹತ್ತೂ ಇವೆ.
ಮಶೀನಿನ ಬಾಯಲ್ಲಿ ಅವು ಬಂದು ಹೋಗುವುದನ್ನು
ನಾನು ಡಬ್ಬ ಕಟ್ಟುತ್ತ ಎಣಿಸುತ್ತೇನೆ.
ಆ ವಾಯರು ಮತ್ತೆ ಜೋಡಿಸುವ ಒಂದು ಕೈ ಕಳಿಸು.
ಯಾರದಾದರೂ ಸರಿ.
ಮೋಟುಗೈಯಾದರೂ ಸರಿ.

ಆಮೀನ್ ಎಂದು ಮುಖ ಸವರಿಕೊಂಡೆ, ಜಾನಮಾಜ್ ಮಡಚಿದೆ.
ಚೀಲದಲ್ಲಿ, ರೊಟ್ಟಿ-ಶೇಂಗಾ ಚಟ್ನಿಯ ಕೆಳಗೆ,
ಕಾಂತಾಬಾಯಿಯ ಗಂಡನಿಂದ ಇಸಕೊಂಡ
ಸ್ಕ್ರೂಡ್ರೈವರ್ ಇಟ್ಟುಕೊಂಡೆ.