ಹನ್ನೆರಡನೇ ಬೆಡ್ಡಿನ ವ್ಯಾಕರಣ

ಪಣಂಬೂರಿನ ಬಂದರಲ್ಲಿ ಹಗ್ಗ ತುಂಡಾಗಿ
ತೊಡೆ ಮುರಿದವನನ್ನು ಕಂಕನಾಡಿಗೆ ತಂದರು.
ಹೆಸರು ಕೋ ಜಿನ್‌ಹಾಯ್. ಚೀನಾದ ಕಡಲತಡಿ, ಅಪ್ಪ ಮೀನುಗಾರ.
ನನ್ನಪ್ಪನೂ ಹಾಗೇ. ಅಷ್ಟು ಹೇಳಿಕೊಳ್ಳಲು ನಮಗೆ
ಮೂರು ದಿನ ಹಿಡಿಯಿತು, ಮತ್ತೆ ಒಂದು ದೋಣಿಯ ಚಿತ್ರ.

ಹಡಗು ಹೋಯಿತು. ಅವನು ಉಳಿದ.
ಅವನ ಹತ್ತಿರ ಒಂದು ಹಿಡಿ ಇಂಗ್ಲಿಷು, ಎಲ್ಲ ಹಡಗಿನದು:
ಸ್ಟಾಪ್, ಲೋವರ್, ಎಂಜಿನ್, ಫೈರ್, ಓಕೆ.
ನನ್ನದು ನೈಟ್ ಡ್ಯೂಟಿಯದು:
ಮೋಷನ್ ಆಯ್ತಾ, ಪೇನ್ ಎಷ್ಟು, ಟರ್ನ್ ದಿಸ್ ಸೈಡ್.
ಇಬ್ಬರದ್ದೂ ಕೂಡಿಸಿದರೂ
ಎದೆಯೊಳಗಿನದಕ್ಕೆ ಸಾಲುತ್ತಿರಲಿಲ್ಲ.

ನಾಲ್ಕನೇ ರಾತ್ರಿ ಸೀಲಿಂಗ್ ನೋಡುತ್ತಾ ಅಂದ:
“ಸಿಸ್ಟರ್ ವನಜಾ, ಐ ಆಮ್ ಬೋರಿಂಗ್.”
ನಕ್ಕುಬಿಟ್ಟೆ. ಪಾಪ, ನಗಬಾರದಿತ್ತು.
ಇಲ್ಲ ಮಾರಾಯ, ಬೋರಿಂಗ್ ಅಂದರೆ ಈ ಫ್ಯಾನು, ಈ ಗಂಜಿ, ಈ ಗೋಡೆ.
ನೀನು ಬೋರ್ಡ್.
ತಲೆಗೆ ಹೋಗಲಿಲ್ಲ. ಒಂದು ಹಳೇ ಚಾರ್ಟಿನ ಹಿಂದೆ
ಕಾವಲಿ ಬರೆದೆ, ಅದರ ಮೇಲೊಂದು ಬಂಗುಡೆ.
ಕಾವಲಿ ಇಂಗ್. ಬಂಗುಡೆ ಎಡ್.
ಸುಡುವುದು ಅದು, ಸುಟ್ಟುಕೊಂಡದ್ದು ಇದು.
ಅವನು ಬಂಗುಡೆಯನ್ನೇ ನೋಡಿದ, ತುಂಬಾ ಹೊತ್ತು.
“ಐ ಆಮ್ ಹಂಗ್ರಿ.”
ಅದರಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ರಾತ್ರಿಗೊಂದು ಪದ, ಬಿಪಿ ನೋಡುವಾಗ.
ಜೆಲಸ್ ಅಂದರೆ ಅವನೂರಲ್ಲಿ ವಿನೆಗರ್ ಕುಡಿದವರಂತೆ.
ನಾನು ಹೊಟ್ಟೆ ಮುಟ್ಟಿ ಬೆಂಕಿಕಡ್ಡಿ ಗೀರಿದ ಹಾಗೆ ಮಾಡಿದೆ,
ನಿಜವಾಗಿ ಗೀರಲಿಲ್ಲ, ವಾರ್ಡಲ್ಲಿ ಆಕ್ಸಿಜನ್ ಉಂಟು.
ಹ್ಯಾಪಿ ಅಂದರೆ ಅವರಿಗೆ ತೆರೆದ ಎದೆ.
ಇಂಗ್ಲಿಷಿನ ಹ್ಯಾಪಿಗೆ ಎದೆಯೂ ಇಲ್ಲ ಹೊಟ್ಟೆಯೂ ಇಲ್ಲ,
ಬರ್ತ್‌ಡೇ ಕೇಕಿನ ಮೇಲೆ ಕ್ರೀಮಾಗಿ ಕೂತಿರುತ್ತದೆ.

ಒಂದನ್ನು ಮಾತ್ರ ಹೇಳಿಕೊಡಲು ಬರಲಿಲ್ಲ.
ನಾನು ಬೇಜಾರು ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ.
ನನಗೆ, ಅಂತ ಶುರು.
ಬೇಜಾರು ನನಗೆ ಬರುತ್ತದೆ, ಸ್ಟೇಟ್‌ಬ್ಯಾಂಕಿನಿಂದ ಸಂಜೆಯ ಬಸ್ಸಿನ ಹಾಗೆ,
ನಿಲ್ಲುತ್ತದೆ, ಹತ್ತಿಸಿಕೊಳ್ಳುತ್ತದೆ, ಎಲ್ಲೋ ಇಳಿಸಿ ಹೋಗುತ್ತದೆ.
ಹೊತ್ತು ಹೋಗದಿದ್ದರೂ ಅದೇ, ಅಳು ಬಂದರೂ ಅದೇ,
ಯಾರನ್ನೋ ನೋಯಿಸಿದ್ದಕ್ಕೂ ಅದೇ:
ಒಂದೇ ಬಸ್ಸಿಗೆ ಮೂರು ಬೋರ್ಡು.
ಐ ಆಮ್ ಸ್ಯಾಡ್ ಅನ್ನುವವರು
ತಾವೇ ಬಸ್ಸಾಗಿಬಿಡುತ್ತಾರೆ.

ಹನ್ನೊಂದರ ಪೊಡಿಯಬ್ಬ ಬ್ಯಾರಿ ತೀರಿಕೊಂಡದ್ದು
ಬೆಳಗಿನ ಮೂರೂವರೆಗೆ.
ಮಗಳು ಫ್ಲಾಸ್ಕು ಹಿಡಿದುಕೊಂಡೇ ನಿಂತಿದ್ದಳು.
ಡಾಕ್ಟರು ಸಾರಿ ಅಂದರು. ನಾನೂ ಅಂದೆ.
ಪರದೆ ಎಳೆದ ಮೇಲೆ ಜಿನ್‌ಹಾಯ್ ಪಿಸುಗುಟ್ಟಿದ:
“ವೈ ಸಾರಿ? ಯು… ರಾಂಗ್ ಮೆಡಿಸಿನ್?”
ಕಣ್ಣು ನನ್ನ ಟ್ರೇಯ ಮೇಲಿತ್ತು, ಸಿರಿಂಜಿನ ಮೇಲೆ.
ಅವನ ಹಡಗಿನ ಸಾರಿ, ಕಾಲು ತುಳಿದವನು ಹೇಳುವುದು. ಅಷ್ಟೇ.
ಕೈ ತೊಳೆದು ಬಂದು ಪಕ್ಕದ ಸ್ಟೂಲಲ್ಲಿ ಕೂತೆ.
ನಾನು ತುಳಿದಿಲ್ಲ. ಅವಳ ಕಾಲು ನೋಯುತ್ತಿದೆ,
ಅದು ನನಗೆ ಕಾಣುತ್ತಿದೆ.
ಇಷ್ಟಕ್ಕೂ ಅವರು ಅದೇ ಪದ ಇಟ್ಟುಕೊಂಡಿದ್ದಾರೆ, ಏನು ಮಾಡುವುದು.
ಎಷ್ಟು ಅರ್ಥವಾಯಿತೋ.
ಪರದೆಯ ಕಡೆ ಕತ್ತು ಹೊರಳಿಸಿ
ನಿಧಾನಕ್ಕೆ ಅಂದ: “ಸಾರಿ.”
ಆಚೆ ಸ್ವಲ್ಪ ಹೊತ್ತು ಸದ್ದಿಲ್ಲ.
ಆಮೇಲೆ ಪರದೆಯ ಸಂದಿಯಿಂದ ಒಂದು ಕೈ,
ಕೈಯಲ್ಲಿ ಫ್ಲಾಸ್ಕಿನ ಮುಚ್ಚಳದ ತುಂಬ ಚಾ,
ಅಪ್ಪನಿಗೆಂದು ತಂದದ್ದು.
ಅವನು ಕುಡಿದ. ನಾನು ಬೇರೆ ಕಡೆ ನೋಡಿದೆ.

ಏಜೆಂಟು ಕರೆದೊಯ್ಯಲು ಬಂದ ದಿನ ಫೀಡ್‌ಬ್ಯಾಕ್ ಫಾರ್ಮು.
ಊಟಕ್ಕೆ ಟಿಕ್. ಶುಚಿಗೆ ಟಿಕ್. ಸೊಳ್ಳೆಯ ವಿಷಯ ಯಾರೂ ಕೇಳಿರಲಿಲ್ಲ.
ಕೊನೆಯ ಖಾಲಿ ಗೆರೆಯ ಮೇಲೆ, ನಾಲಗೆ ಕಚ್ಚಿಕೊಂಡು,
ದೊಡ್ಡ ಅಕ್ಷರದಲ್ಲಿ ಬರೆದ:
ಐ ಆಮ್ ಮಿಸ್ಸಿಂಗ್.
ಪೆನ್ನು ನನ್ನದೇ. ತಿದ್ದಲಿಲ್ಲ.

ಊಟದ ಹೊತ್ತಿಗೆ ಆಫೀಸಿಂದ ಫೋನು:
“ಎಂತ ಸಿಸ್ಟರ್ ಇದು, ಹನ್ನೆರಡರ ಪೇಷಂಟ್ ಮಿಸ್ಸಿಂಗಾ?”
ಇಲ್ಲ ಸರ್, ಬಿಲ್ಲು ಕಟ್ಟಿಯೇ ಹೋದದ್ದು.
ಕಾವಲಿ ಯಾವುದು ಬಂಗುಡೆ ಯಾವುದು,
ಅದೊಂದು ಸ್ವಲ್ಪ ಅದಲು ಬದಲಾಗಿದೆ.
ಅವರು ಫೋನ್ ಇಟ್ಟರು.

ಹನ್ನೆರಡರ ಚಾದರ ಬದಲಿಸಿದೆ.
ಸಂಜೆಯ ಬಸ್ಸು
ಇವತ್ತು ಮೂರು ಗಂಟೆಗೇ ಬಂತು.